ಪ್ಯಾನೆಲ್ ಟೆಸ್ಟಾ, ಕಲ್ಚರ್ ದಾರಿಯಾ? ಒಂದೇ ಬೆಂಚಿನ ಮೇಲೆ ಎರಡನ್ನೂ ನಡೆಸಿ ನೋಡಿದ ಹೋಲಿಕೆ

ಒಂದೇ ಕಾರ್ಟ್ರಿಜ್‌ನಲ್ಲಿ ಇಪ್ಪತ್ತು, ಮೂವತ್ತು ರೋಗಾಣುಗಳನ್ನು ಒಟ್ಟಿಗೆ ಹುಡುಕುವ ಪಿಸಿಆರ್ (ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ) ಪ್ಯಾನೆಲ್‌ಗಳ ಬಗ್ಗೆ ಬೇರೆ ಲ್ಯಾಬಿನವರು ಸಿಕ್ಕಾಗೆಲ್ಲ ಕೇಳುತ್ತಾರೆ: "ಹಾಕಿಸಿಕೊಳ್ಳೋಣವಾ, ಬೇಡವಾ?" ಇದಕ್ಕೆ ಒಂದೇ ಉತ್ತರ ಕೊಡಲು ಬರುವುದಿಲ್ಲ. ರಕ್ತಕ್ಕೆ ಒಂದು ಉತ್ತರ, ಸಿಎಸ್‌ಎಫ್‌ಗೆ (ಬೆನ್ನುಹುರಿ ದ್ರವಕ್ಕೆ) ಇನ್ನೊಂದು, ಮಲಕ್ಕೆ ಮತ್ತೊಂದು. ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಎರಡೂ ದಾರಿಗಳನ್ನು (ಪ್ಯಾನೆಲ್, ಮತ್ತು ರೋಗಾಣುವನ್ನು ಪ್ಲೇಟ್ ಮೇಲೆ ಬೆಳೆಸಿ ನೋಡುವ ಕಲ್ಚರ್) ಅಕ್ಕಪಕ್ಕ ನಡೆಸಿದ್ದೇನೆ. ಯಾವ ಸ್ಯಾಂಪಲ್ ಬಂದರೂ ನಾನು ಕೇಳಿಕೊಳ್ಳುವುದು ಒಂದೇ: ಈ ರಿಪೋರ್ಟ್ ಹೋದ ಗಂಟೆಯಲ್ಲೇ ರೋಗಿಯ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತದಾ? ಬದಲಾಗುವುದಾದರೆ ಪ್ಯಾನೆಲ್ ಹಾಕಿ. ಇಲ್ಲದಿದ್ದರೆ ಪ್ಲೇಟ್‌ಗಳನ್ನೇ ನಂಬಿ ಕಾಯಿರಿ.

ರಕ್ತದಲ್ಲಿ

ಬ್ಲಡ್ ಕಲ್ಚರ್ ಬಾಟಲಿ ಪಾಸಿಟಿವ್ ಆದ ತಕ್ಷಣ ಮೊದಲ ಕೆಲಸ ಗ್ರಾಂ ಸ್ಟೇನ್, ಅಂದರೆ ಬಣ್ಣ ಹಾಕಿ ಸ್ಲೈಡ್‌ನಲ್ಲಿ ರೋಗಾಣು ನೋಡುವುದು. ಇದರಲ್ಲಿ ರಾಜಿ ಇಲ್ಲ. ಸ್ಲೈಡ್ ನೋಡಿ, ವಾರ್ಡಿಗೆ ಫೋನ್ ಮಾಡಿ, ಆಮೇಲೆ ಮುಂದಿನ ಮಾತು. ಅಲ್ಲಿಂದ ಎರಡು ದಾರಿ ಕವಲೊಡೆಯುತ್ತವೆ.

ಮೊದಲನೆಯದು ದೊಡ್ಡ ಪ್ಯಾನೆಲ್. ಬಯೋಫೈರ್ ಬಿಸಿಐಡಿ2 ತೆಗೆದುಕೊಂಡರೆ ಅದರಲ್ಲಿ 43 ಗುರಿಗಳಿವೆ: 33 ರೋಗಾಣುಗಳು, 10 ಔಷಧ ನಿರೋಧಕ ಜೀನ್‌ಗಳು. ಬಾಟಲಿಯಿಂದ ಸ್ವಲ್ಪ ತೆಗೆದು ಪೌಚ್‌ಗೆ ಹಾಕಿದರೆ ಸುಮಾರು ಒಂದು ಗಂಟೆಯಲ್ಲಿ ಉತ್ತರ. ಕೈಕೆಲಸ ಕೆಲವೇ ನಿಮಿಷ. ರಾತ್ರಿ ಪಾಳಿಯಲ್ಲಿ ಒಬ್ಬರೇ ಟೆಕ್ನಿಷಿಯನ್ ಇದ್ದರೂ ನಡೆಯುತ್ತದೆ.

ಎರಡನೆಯದು ಜೋಡಿಸಿಕೊಂಡ ದಾರಿ. ಬಾಟಲಿಯಿಂದ ಬ್ಲಡ್ ಅಗಾರ್ ಪ್ಲೇಟ್‌ಗೆ ಹಾಕಿ, ನಾಲ್ಕರಿಂದ ಆರು ಗಂಟೆ ಇನ್‌ಕ್ಯುಬೇಟರ್‌ನಲ್ಲಿಟ್ಟು, ಕಂಡೂ ಕಾಣದಂತೆ ಬೆಳೆದ ಪದರವನ್ನೇ ಕೆರೆದು ಮಾಲ್ಡಿ-ಟಾಫ್‌ಗೆ (ರೋಗಾಣುವಿನ ಹೆಸರು ಹೇಳುವ ಯಂತ್ರಕ್ಕೆ) ಕೊಡುವುದು. ಅದೇ ಹೊತ್ತಿಗೆ ರಾಸ್ಟ್, ಅಂದರೆ ಯಾವ ಔಷಧಿ ಕೆಲಸ ಮಾಡುತ್ತದೆ ಎಂದು ಬೇಗ ನೋಡುವ ಟೆಸ್ಟ್, ಹಾಕುವುದು. ಯುರೋಪಿನ ಯೂಕಾಸ್ಟ್ ಸಮಿತಿ 2018ರಲ್ಲಿ ಹೊರತಂದ ವಿಧಾನ ಇದು. ಬಾಟಲಿಯ ದ್ರವ 125 ಮೈಕ್ರೋಲೀಟರ್ ನೇರವಾಗಿ ಮುಲ್ಲರ್-ಹಿಂಟನ್ ಪ್ಲೇಟ್ ಮೇಲೆ ಹರಡಿ, ಔಷಧಿಯ ಡಿಸ್ಕ್ ಇಟ್ಟು, 4, 6, 8 ಗಂಟೆಗೆ ಝೋನ್ (ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ) ಅಳೆಯುವುದು. ಕಾರ್ಬಪೆನೆಮೇಸ್ (ಕಾರ್ಬಪೆನೆಮ್ ಎಂಬ ಪ್ರಬಲ ಆಂಟಿಬಯಾಟಿಕ್‌ಗಳನ್ನು ಒಡೆಯುವ ಕಿಣ್ವ) ಅನುಮಾನ ಇದ್ದರೆ ಜೊತೆಗೊಂದು ಸ್ಟ್ರಿಪ್ ಟೆಸ್ಟ್. ಎನ್‌ಜಿ-ಟೆಸ್ಟ್ ಕಾರ್ಬಾ 5 ಅಂಥದ್ದು: ಕೆಪಿಸಿ, ಎನ್‌ಡಿಎಂ, ವಿಐಎಂ, ಐಎಂಪಿ, ಆಕ್ಸಾ-48 ಮಾದರಿ, ಈ ಐದು ಬಗೆಯ ಕಿಣ್ವಗಳನ್ನೂ ಹದಿನೈದು ನಿಮಿಷದಲ್ಲಿ ಹೇಳುತ್ತದೆ.

ವೇಗದಲ್ಲಿ ಪ್ಯಾನೆಲ್ ಮುಂದೆ. ಅದರಲ್ಲಿ ಚರ್ಚೆ ಇಲ್ಲ. ಆದರೆ ಎರಡೂ ಹೇಳುವ ಸಂಗತಿ ಬೇರೆ. ಪ್ಯಾನೆಲ್ ಜೀನ್ ಇದೆಯಾ ಎಂದು ಹೇಳುತ್ತದೆ. ಡಿಸ್ಕ್ ಸುತ್ತಲಿನ ಝೋನ್ ಔಷಧಿ ಕೆಲಸ ಮಾಡುತ್ತದಾ ಎಂದು ಹೇಳುತ್ತದೆ.

ಜೀನ್ ಸಿಕ್ಕಾಗ ಈ ವ್ಯತ್ಯಾಸ ಅಷ್ಟು ಕಾಡುವುದಿಲ್ಲ. ಇ. ಕೋಲೈ ಜೊತೆ ಸಿಟಿಎಕ್ಸ್-ಎಂ ಎಂಬ ನಿರೋಧಕ ಜೀನ್ ಬಂದರೆ ಸೆಫ್ಟ್ರಿಯಾಕ್ಸೋನ್ ಮೇಲೆ ಭರವಸೆ ಇಡುವಂತಿಲ್ಲ, ಅಷ್ಟು ಸ್ಪಷ್ಟ. ಕಷ್ಟ ಇರುವುದು ಜೀನ್ ಸಿಗದಿದ್ದಾಗ. "ನಿರೋಧಕ ಜೀನ್ ಪತ್ತೆಯಾಗಿಲ್ಲ" ಎಂಬ ಸಾಲನ್ನು ಓದಿದ ಡ್ಯೂಟಿ ಡಾಕ್ಟರ್ "ಹಾಗಾದರೆ ಎಲ್ಲ ಔಷಧಿಯೂ ಕೆಲಸ ಮಾಡುತ್ತದೆ" ಎಂದುಕೊಳ್ಳುವುದು ಸಹಜ ಅಲ್ವಾ? ಆದರೆ ಸ್ಯೂಡೋಮೊನಾಸ್ ಒಂದು ಕಾರ್ಬಪೆನೆಮೇಸ್ ಜೀನೂ ಇಲ್ಲದೆ ಇಮಿಪೆನೆಮ್ ಎಂಬ ಕಾರ್ಬಪೆನೆಮ್‌ಗೆ ಜಗ್ಗದೆ ಇರಬಲ್ಲದು. ತನ್ನ ಹೊರಪೊರೆಯ ಆಪ್‌ಆರ್‌ಡಿ ಎಂಬ ಬಾಗಿಲನ್ನು ಮುಚ್ಚಿಕೊಂಡರೆ ಸಾಕು. ಎಂಟರೋಬ್ಯಾಕ್ಟರ್ ತನ್ನದೇ ಆಂಪ್‌ಸಿ ಕಿಣ್ವವನ್ನು ಜಾಸ್ತಿ ಮಾಡಿಕೊಂಡು ಸೆಫಲೋಸ್ಪೊರಿನ್ ಗುಂಪಿನ ಔಷಧಿಗಳಿಂದ ತಪ್ಪಿಸಿಕೊಳ್ಳುತ್ತದೆ. ಇವು ಯಾವುವೂ ಪ್ಯಾನೆಲ್‌ಗೆ ಕಾಣುವುದಿಲ್ಲ. ಪ್ಲೇಟ್ ಮೇಲೆ ಕಾಣುತ್ತವೆ. ಹಾಗಾಗಿ ಗ್ರಾಂ ನೆಗೆಟಿವ್ ಬ್ಯಾಸಿಲಸ್ ಬಂದರೆ ಪ್ಯಾನೆಲ್ ಹಾಕಿದರೂ ರಾಸ್ಟ್ ಬಿಡಬೇಡಿ ಎನ್ನುವುದು ನನ್ನ ಮಾತು.

ರಾಸ್ಟ್‌ಗೂ ಅದರದ್ದೇ ತಾಪತ್ರಯಗಳಿವೆ. ಓದುವ ಹೊತ್ತು ಐದು ನಿಮಿಷ ಆಚೀಚೆ ಆಗುವಂತಿಲ್ಲ. ರೋಗಾಣುವಿನ ಹೆಸರು ಗೊತ್ತಿಲ್ಲದೆ ಝೋನ್ ಅಳತೆಗೆ ಅರ್ಥವಿಲ್ಲ, ಯಾಕೆಂದರೆ ಬ್ರೇಕ್‌ಪಾಯಿಂಟ್ (ಔಷಧಿ ಕೆಲಸ ಮಾಡುತ್ತದಾ ಎಂದು ತೀರ್ಮಾನಿಸುವ ಅಳತೆಯ ಗಡಿ) ಒಂದೊಂದು ಜಾತಿಗೆ ಒಂದೊಂದು. ಅದಕ್ಕೇ ಮಾಲ್ಡಿ ಜೊತೆಗಿರಬೇಕು. ನಾಲ್ಕು ಗಂಟೆಗೆ ನೋಡಿದರೆ ಎಷ್ಟೋ ಝೋನ್‌ಗಳ ಅಂಚು ಮಸುಕಾಗಿರುತ್ತದೆ, ಅಳತೆ ಅನಿಶ್ಚಿತ ವಲಯದಲ್ಲಿ ಬೀಳುತ್ತದೆ. ನನಗೆ ಆರು ಗಂಟೆಯ ಓದು ಹೆಚ್ಚು ಸಮಾಧಾನ ಕೊಟ್ಟಿದೆ. ಬೆಳಿಗ್ಗೆ ಎಂಟಕ್ಕೆ ಪಾಸಿಟಿವ್ ಆದ ಬಾಟಲಿಗೆ ಸಂಜೆಯೊಳಗೆ ಹೆಸರೂ ಔಷಧಿಯೂ ಎರಡೂ ಸಿಗುತ್ತವೆ. ರಾತ್ರಿ ಹನ್ನೊಂದಕ್ಕೆ ಪಾಸಿಟಿವ್ ಆದರೆ ಈ ದಾರಿ ಕುಂಟುತ್ತದೆ, ಬೆಳಗಿನ ಜಾವ ಐದಕ್ಕೆ ಸ್ಕೇಲ್ ಹಿಡಿದು ಕೂರುವವರು ಎಲ್ಲ ಲ್ಯಾಬಿನಲ್ಲೂ ಇರುವುದಿಲ್ಲ.

ಪ್ಯಾನೆಲ್ ನಿಸ್ಸಂಶಯವಾಗಿ ಗೆಲ್ಲುವ ಜಾಗ ಯೀಸ್ಟ್. ಸ್ಲೈಡ್‌ನಲ್ಲಿ ಮೊಗ್ಗೊಡೆಯುವ ಯೀಸ್ಟ್ ಕಂಡರೆ ನಾನು ಯೋಚನೆಯನ್ನೇ ಮಾಡುವುದಿಲ್ಲ. ಪ್ಲೇಟ್ ಮೇಲೆ ಕ್ಯಾಂಡಿಡಾ ಬೆಳೆಯಲು ಒಂದೆರಡು ದಿನ ಬೇಕು. ಪ್ಯಾನೆಲ್ ಒಂದು ಗಂಟೆಯಲ್ಲಿ ಕ್ಯಾಂಡಿಡಾ ಕ್ರೂಸೈ ಎಂದು ಹೇಳಿದರೆ ಫ್ಲುಕೊನಾಜೋಲ್ ಅಲ್ಲಿಗೆ ಮುಗಿಯಿತು, ಅದಕ್ಕೆ ಹುಟ್ಟಿನಿಂದಲೇ ನಿರೋಧ ಇದೆ. ಕ್ಯಾಂಡಿಡಾ ಆರಿಸ್ ಎಂದರೆ, ಅದು ಆಸ್ಪತ್ರೆಯಲ್ಲಿ ಹರಡುವುದರಿಂದ, ಔಷಧಿ ಜೊತೆಗೆ ರೋಗಿಯ ಕೋಣೆಯೂ ಅವತ್ತೇ ಬದಲಾಗಬೇಕು.

ಸ್ಟೆಫೈಲೊಕಾಕಸ್ ಆರಿಯಸ್ ವಿಷಯದಲ್ಲೂ ಬೇಗ ಉತ್ತರ ಸಿಗುವುದು ದೊಡ್ಡದು. ಬೀಟಾ-ಲ್ಯಾಕ್ಟಂ ಔಷಧಿಗಳಿಗೆ ನಿರೋಧ ಕೊಡುವ ಮೆಕ್ ಜೀನ್ ಇಲ್ಲ ಎಂದು ಗೊತ್ತಾದರೆ ವ್ಯಾಂಕೊಮೈಸಿನ್ ಬಿಟ್ಟು ಸೆಫಜೋಲಿನ್‌ನಂಥ ಬೀಟಾ-ಲ್ಯಾಕ್ಟಂಗೆ ಹೋಗಬಹುದು. ಇಂಥ ಮೆಕ್ ಇಲ್ಲದ ಆರಿಯಸ್‌ಗೆ (ಎಂಎಸ್‌ಎಸ್‌ಎ) ಅದು ವ್ಯಾಂಕೊಮೈಸಿನ್‌ಗಿಂತ ಒಳ್ಳೆಯ ಔಷಧಿ. ಆದರೆ ಇಷ್ಟಕ್ಕೆ 43 ಗುರಿಗಳ ಪೌಚ್ ಬೇಕಾ? ಎಕ್ಸ್‌ಪರ್ಟ್ ಎಂಆರ್‌ಎಸ್‌ಎ/ಎಸ್‌ಎಯಂಥ ಸಣ್ಣ ಟೆಸ್ಟ್ ಇದೇ ಉತ್ತರವನ್ನು ಸುಮಾರು ಒಂದು ಗಂಟೆಯಲ್ಲೇ ಕೊಡುತ್ತದೆ. ಗೊಂಚಲು ಗೊಂಚಲಾದ ಗ್ರಾಂ ಪಾಸಿಟಿವ್ ಕಾಕೈ ಕಂಡಾಗ ನಾನು ಸಣ್ಣದನ್ನೇ ಆರಿಸುತ್ತೇನೆ. ಹಲವು ಬಾಟಲಿಗಳಲ್ಲಿ ಒಂದೇ ಒಂದು ಪಾಸಿಟಿವ್ ಆಗಿ, ಅದರಲ್ಲಿ ರಕ್ತ ತೆಗೆಯುವಾಗ ಸೇರಿಕೊಂಡ ಚರ್ಮದ ಸ್ಟೆಫೈಲೊಕಾಕಸ್ ಇರುವುದೇ ಜಾಸ್ತಿ.

ಒಂದು ಬಾಟಲಿಯ ವಿಷಯ ಹೇಳಲೇಬೇಕು. ಸ್ಲೈಡ್ ತುಂಬ ಗ್ರಾಂ ಪಾಸಿಟಿವ್ ಗೊಂಚಲುಗಳು, ಬೇರೇನೂ ಇಲ್ಲ. ಪ್ಯಾನೆಲ್ ರಿಪೋರ್ಟ್‌ನಲ್ಲಿ ಸ್ಟೆಫೈಲೊಕಾಕಸ್ ಜೊತೆಗೆ ಸ್ಯೂಡೋಮೊನಾಸ್. ರಿಪೋರ್ಟ್ ತಡೆದು ಸ್ಲೈಡನ್ನು ಮತ್ತೆ ನೋಡಿದೆವು. ಸ್ಯೂಡೋಮೊನಾಸ್ ಇದ್ದರೆ ಕಾಣಬೇಕಾದ ಗುಲಾಬಿ ಕಡ್ಡಿ ಒಂದೇ ಒಂದೂ ಇಲ್ಲ. ಮರುದಿನ ಪ್ಲೇಟ್ ಮೇಲೂ ಸ್ಟೆಫೈಲೊಕಾಕಸ್ ಮಾತ್ರ. ಬಾಟಲಿಯ ಬ್ರಾತ್‌ನಲ್ಲಿ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಚೂರು ಉಳಿದಿರಬಹುದು, ಪಿಸಿಆರ್‌ಗೆ ಸತ್ತದ್ದು ಬದುಕಿದ್ದು ಎಂಬ ಭೇದ ಗೊತ್ತಾಗುವುದಿಲ್ಲ. ಸ್ಲೈಡ್‌ಗೂ ಪ್ಯಾನೆಲ್‌ಗೂ ಹೊಂದಿಕೆ ಆಗದ ರಿಪೋರ್ಟ್ ಇನ್ನೊಬ್ಬರ ಕಣ್ಣಿಗೆ ಬೀಳದೆ ಹೊರಗೆ ಹೋಗಬಾರದು.

ಇದರ ಎದುರು ಮುಖವೂ ಇದೆ. ಒಂದೇ ಬಾಟಲಿಯಲ್ಲಿ ಎರಡು ರೋಗಾಣು ಇದ್ದರೆ ಎಳೆ ಪ್ಲೇಟ್‌ನಿಂದ ಕೆರೆದ ಪದರಕ್ಕೆ ಮಾಲ್ಡಿ ಸಾಮಾನ್ಯವಾಗಿ ಒಂದೇ ಹೆಸರು ಹೇಳುತ್ತದೆ. ಪ್ಯಾನೆಲ್ ಎರಡನ್ನೂ ಹಿಡಿಯುತ್ತದೆ.

ರಿಪೋರ್ಟ್ ಯಾರ ಕೈಗೆ?

ಯಂತ್ರಗಳ ಹೋಲಿಕೆಗಿಂತ ಇದು ಮುಖ್ಯ. 2015ರಲ್ಲಿ ಪ್ರಕಟವಾದ ಒಂದು ರ‍್ಯಾಂಡಮೈಸ್ಡ್ ಟ್ರಯಲ್‌ನಲ್ಲಿ 617 ರೋಗಿಗಳನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ಮಾಮೂಲು ಕಲ್ಚರ್. ಇನ್ನೊಂದಕ್ಕೆ ಪ್ಯಾನೆಲ್, ಜೊತೆಗೆ ಬರೆದ ಕಮೆಂಟ್. ಮೂರನೆಯದಕ್ಕೆ ಪ್ಯಾನೆಲ್, ಅದರ ಜೊತೆ ಆಂಟಿಬಯಾಟಿಕ್ ಸ್ಟೀವರ್ಡ್‌ಶಿಪ್ ತಂಡದವರ (ಆಂಟಿಬಯಾಟಿಕ್ ಬಳಕೆಯ ಮೇಲೆ ನಿಗಾ ಇಡುವವರ) ನೇರ ಸಲಹೆ. ಹಲವು ರೋಗಾಣುಗಳಿಗೆ ಒಟ್ಟಿಗೆ ಕೊಡುವ, ಅನಗತ್ಯವಾದ ದೊಡ್ಡ ಔಷಧಿಯನ್ನು ಇಳಿಸಲು ಮಾಮೂಲು ಗುಂಪಿಗೆ 34 ಗಂಟೆ ಬೇಕಾಯಿತು, ಬರೀ ಪ್ಯಾನೆಲ್ ಗುಂಪಿಗೆ 38, ಸಲಹೆ ಸೇರಿದ ಗುಂಪಿಗೆ 21. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಔಷಧಿ ಏರಿಸುವುದು ಮಾತ್ರ ಪ್ಯಾನೆಲ್ ಒಂದರಿಂದಲೇ ಬೇಗ ಆಯಿತು. ಅಂದರೆ ಔಷಧಿ ಸೇರಿಸಲು ಯಂತ್ರದ ಮಾತು ಸಾಕಾಗುತ್ತದೆ, ಬಿಡಿಸಲು ಮನುಷ್ಯರು ಫೋನ್ ಎತ್ತಬೇಕು. ನಾನು ಕಂಡಿದ್ದೂ ಹೀಗೇ. ರಾತ್ರಿ ಎರಡಕ್ಕೆ ಕಂಪ್ಯೂಟರ್‌ಗೆ ಹೋದ ರಿಪೋರ್ಟ್ ಬೆಳಿಗ್ಗೆ ರೌಂಡ್ಸ್ ತನಕ ಯಾರೂ ತೆರೆಯದೆ ಕೂತಿದ್ದರೆ ಆ ವೇಗವೆಲ್ಲ ಸುಮ್ನೆ.

ಹಾಗೆಯೇ ಜೀನ್ ಹೆಸರನ್ನು ಬರಿದಾಗಿ ಕಳಿಸಬಾರದು. "ಸಿಟಿಎಕ್ಸ್-ಎಂ ಪತ್ತೆ" ಎಂದಷ್ಟೇ ಬರೆದರೆ ಎಷ್ಟು ಜನಕ್ಕೆ ಅರ್ಥವಾದೀತು? ಅದರ ಕೆಳಗೆ "ಇಎಸ್‌ಬಿಎಲ್ ಇರುವ ಸಾಧ್ಯತೆ, ಸೆಫ್ಟ್ರಿಯಾಕ್ಸೋನ್ ನಂಬಬೇಡಿ, ಗಂಭೀರ ರೋಗಿಗೆ ಮೆರೋಪೆನೆಮ್ ಪರಿಗಣಿಸಿ, ಝೋನ್ ಫಲಿತಾಂಶ ಇವತ್ತೇ ಬರುತ್ತದೆ" ಎಂದು ಬರೆದಾಗ ವಾರ್ಡಿನಲ್ಲಿ ಕೆಲಸ ನಡೆಯುತ್ತದೆ.

ಸಿಎಸ್‌ಎಫ್‌ನಲ್ಲಿ

ಮೆನಿಂಜೈಟಿಸ್ ಪ್ಯಾನೆಲ್ 200 ಮೈಕ್ರೋಲೀಟರ್ ಬೆನ್ನುಹುರಿ ದ್ರವದಲ್ಲಿ 14 ರೋಗಾಣು ಹುಡುಕುತ್ತದೆ. ಆಗಲೇ ಆಂಟಿಬಯಾಟಿಕ್ ಶುರುವಾಗಿ ಕಲ್ಚರ್ ಬೆಳೆಯದ ರೋಗಿಗೆ ಇದು ನಿಜಕ್ಕೂ ದೊಡ್ಡ ಆಸರೆ. ಆದರೆ ಎಲ್ಲ ಸಿಎಸ್‌ಎಫ್‌ಗೂ ಹಾಕಿದರೆ ಲೆಕ್ಕ ಕೈಕೊಡುತ್ತದೆ. ಸಾವಿರ ಸ್ಯಾಂಪಲ್‌ನಲ್ಲಿ ಹತ್ತಕ್ಕೆ ಮಾತ್ರ ಒಂದು ನಿರ್ದಿಷ್ಟ ಸೋಂಕು ಇದೆ ಎನ್ನಿ. ಟೆಸ್ಟ್ ಸೋಂಕಿಲ್ಲದ ನೂರರಲ್ಲಿ 99ಕ್ಕೆ ಸರಿಯಾಗಿ ನೆಗೆಟಿವ್ ಹೇಳಿದರೂ ಉಳಿದ 990ರಲ್ಲಿ ಸುಮಾರು ಹತ್ತು ಸುಳ್ಳು ಪಾಸಿಟಿವ್ ಬರುತ್ತವೆ. ಎರಡು ಪಾಸಿಟಿವ್‌ನಲ್ಲಿ ಒಂದು ಸುಳ್ಳು. ಅದೂ ಒಂದೇ ಗುರಿಗೆ.

ಅದಕ್ಕೆ ಮೊದಲು ಸೆಲ್ ಕೌಂಟ್. ಬಿಳಿ ರಕ್ತಕಣ ಮೈಕ್ರೋಲೀಟರ್‌ಗೆ ಐದಕ್ಕಿಂತ ಹೆಚ್ಚಿದ್ದರೆ ಪ್ಯಾನೆಲ್, ಇಲ್ಲದಿದ್ದರೆ ಇಲ್ಲ. ನವಜಾತ ಶಿಶುಗಳಿಗೂ ರೋಗನಿರೋಧಕ ಶಕ್ತಿ ಕುಂದಿದವರಿಗೂ ಈ ನಿಯಮ ಸಡಿಲ. ಸ್ಯಾಂಪಲ್ ಹಾಕುವವರು ಮಾಸ್ಕ್ ಕಟ್ಟಿಕೊಂಡು, ಕ್ಯಾಬಿನೆಟ್ ಒಳಗೇ ಹಾಕಬೇಕು, ಯಾಕೆಂದರೆ ಮೆನಿಂಜೈಟಿಸ್ ತರುವ ನ್ಯುಮೊಕಾಕಸ್ ನಮ್ಮ ಗಂಟಲಲ್ಲೂ ಇರಬಹುದು.

ಎಚ್‌ಎಚ್‌ವಿ-6 ಎಂಬ ಹರ್ಪಿಸ್ ಗುಂಪಿನ ವೈರಸ್ ಪಾಸಿಟಿವ್ ಬಂದರೆ ಗಾಬರಿ ಬೇಡ. ನೂರರಲ್ಲಿ ಸುಮಾರು ಒಬ್ಬರಿಗೆ ಈ ವೈರಸ್ ಕ್ರೋಮೋಸೋಮ್‌ನಲ್ಲೇ ಸೇರಿಕೊಂಡಿರುತ್ತದೆ, ಕಾಯಿಲೆ ಇಲ್ಲದೆಯೂ ಪಿಸಿಆರ್ ಹಿಡಿಯುತ್ತದೆ. ಇನ್ನು ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರದ ಅನುಮಾನ ಇದ್ದರೆ ಪ್ಯಾನೆಲ್ ನೆಗೆಟಿವ್ ಎಂದು ಬಿಡಬೇಡಿ. ಆಂಟಿಜೆನ್ ಟೆಸ್ಟ್ ಮಾಡಿ, ಇಲ್ಲಿ ಅದೇ ಮೇಲು. ಹರ್ಪಿಸ್ ಎನ್ಸೆಫಲೈಟಿಸ್‌ನ (ಮಿದುಳಿನ ಉರಿಯೂತದ) ಮೊದಲ ಮೂರು ದಿನಗಳಲ್ಲಿ ಪಿಸಿಆರ್ ನೆಗೆಟಿವ್ ಆಗಬಹುದು. ಲಕ್ಷಣ ಬಲವಾಗಿದ್ದರೆ ಅಸೈಕ್ಲೊವಿರ್ ಮುಂದುವರಿಸಿ, ಮತ್ತೆ ದ್ರವ ಕಳಿಸಲು ಹೇಳುತ್ತೇವೆ. ಕಲ್ಚರ್ ಅಂತೂ ಯಾವಾಗಲೂ ಜೊತೆಗೆ.

ಉಸಿರಾಟ ಮತ್ತು ಹೊಟ್ಟೆ

ಮನೆಗೆ ಹೋಗಬಲ್ಲ ಜ್ವರ-ಕೆಮ್ಮಿನ ರೋಗಿಗೆ 22 ಗುರಿಗಳ ಪ್ಯಾನೆಲ್ ಬೇಡ. ಇನ್‌ಫ್ಲುಯೆಂಜಾ ಎ, ಬಿ, ಆರ್‌ಎಸ್‌ವಿ, ಕೋವಿಡ್, ಈ ನಾಲ್ಕರ ಟೆಸ್ಟ್ ಸಾಕು. ಔಷಧಿ ಬದಲಿಸುವುದು ಹೆಚ್ಚಾಗಿ ಇವೇ. ದೊಡ್ಡದನ್ನು ಐಸಿಯುಗೆ, ಅಂಗಾಂಗ ಕಸಿ ಆದವರಿಗೆ ಇಟ್ಟುಕೊಳ್ಳಿ. ನ್ಯುಮೋನಿಯಾ ಪ್ಯಾನೆಲ್ ಕಫದಲ್ಲಿ ಬ್ಯಾಕ್ಟೀರಿಯಾ ಪ್ರಮಾಣವನ್ನೂ ಅಂದಾಜು ಹೇಳುತ್ತದೆ, ಆದರೆ ಸುಮ್ಮನೆ ನೆಲೆಸಿದ ರೋಗಾಣುವನ್ನೂ ಅಷ್ಟೇ ಉತ್ಸಾಹದಿಂದ ಪಟ್ಟಿ ಮಾಡುತ್ತದೆ. ಸ್ಲೈಡ್‌ನಲ್ಲಿ ಕೀವು ಕಣ ಇಲ್ಲದೆ ಬಾಯಿಯ ಕೋಶಗಳೇ ತುಂಬಿದ್ದರೆ ಆ ಕಫಕ್ಕೆ ಪ್ಯಾನೆಲ್ ಹಾಕುವುದೇ ಇಲ್ಲ.

ಒಂದನ್ನು ಬಿಡಬೇಕು ಎಂದರೆ ನಾನು ಬಿಡುವುದು ಮಲದ ಪ್ಯಾನೆಲ್. ಹೆಚ್ಚಿನ ಭೇದಿ ತಾನಾಗಿ ನಿಲ್ಲುತ್ತದೆ. ಇಪಿಇಸಿ (ಭೇದಿ ತರಬಲ್ಲ ಒಂದು ಬಗೆಯ ಇ. ಕೋಲೈ) ಬಂತು ಎಂದರೆ ಏನು ಮಾಡಬೇಕು ಎಂದು ಯಾರಿಗೂ ಸ್ಪಷ್ಟವಿಲ್ಲ. ವರ್ಷ ತುಂಬದ ಮಗುವಿನಲ್ಲಿ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಸಿಕ್ಕರೆ ಬಹುಪಾಲು ಅದು ಸುಮ್ನೆ ಅಲ್ಲಿ ವಾಸ ಮಾಡಿಕೊಂಡಿರುವಂಥದ್ದು. ಆಸ್ಪತ್ರೆ ಸೇರಿ ಮೂರು ದಿನ ದಾಟಿದ ಮೇಲೆ ಶುರುವಾದ ಭೇದಿಗೆ, ಭೇದಿ ಮಾಡಿಸುವ ಔಷಧಿ (ಲ್ಯಾಕ್ಸೆಟಿವ್) ಕೊಟ್ಟಿಲ್ಲ ಎಂದು ಖಚಿತ ಮಾಡಿಕೊಂಡು, ಸಿ. ಡಿಫಿಸಿಲ್ ಒಂದನ್ನೇ ನೋಡಿದರೆ ಸಾಕು.

ರಕ್ತಭೇದಿ, ಜೋರು ಜ್ವರ, ರೋಗನಿರೋಧಕ ಶಕ್ತಿ ಕುಂದಿದ ರೋಗಿ: ಇವರಿಗೆ ಮಾತ್ರ ಹಾಕುತ್ತೇವೆ. ಶಿಗೆಲ್ಲಾ ಬಂದರೆ ಅದೇ ಸ್ಯಾಂಪಲ್ ಅನ್ನು ಅವತ್ತೇ ಪ್ಲೇಟ್‌ಗೆ ಹಾಕಬೇಕು, ನಾಳೆಗೆ ಇಡುವಂತಿಲ್ಲ. ಶಿಗೆಲ್ಲಾ ಮಲದಲ್ಲಿ ಬೇಗ ಸಾಯುತ್ತದೆ. ಪ್ಯಾನೆಲ್‌ಗೆ ಶಿಗೆಲ್ಲಾ ಯಾವುದು, ಇಐಇಸಿ (ಇನ್ನೊಂದು ಬಗೆಯ ಇ. ಕೋಲೈ) ಯಾವುದು ಎಂದು ಬೇರ್ಪಡಿಸಲೂ ಬರುವುದಿಲ್ಲ, ಯಾವ ಔಷಧಿ ಕೊಡಬೇಕು ಎಂದು ಹೇಳಲೂ ಬರುವುದಿಲ್ಲ. ಅದಕ್ಕೆ ಬೆಳೆದ ಕಾಲೊನಿಯೇ ಬೇಕು.