ಎಟಲಾನ್ ಕೊಳ್ಳೋ ಮುಂಚೆ ಇದನ್ನ ಓದಿ, ಆಮೇಲೆ ದುಡ್ಡು ಹಾಕಿ

ಎಚ್-ಆಲ್ಫಾ ದೂರದರ್ಶಕ (ಹೈಡ್ರೋಜನ್ನಿನ ಕೆಂಪು ಬೆಳಕಲ್ಲಿ ಮಾತ್ರ ಸೂರ್ಯನನ್ನ ತೋರಿಸೋದು) ಕೈಯಾರೆ ಕಟ್ಟೋಕೆ ಸೆಕೆಂಡ್ ಹ್ಯಾಂಡ್ ಎಟಲಾನ್ (ಎದುರುಬದುರು ಎರಡು ಗಾಜಿಟ್ಟು ಬೆಳಕಿನ ತೆಳು ಪಟ್ಟಿಗಳನ್ನಷ್ಟೇ ಬಿಡೋ ಫಿಲ್ಟರ್) ಹುಡುಕ್ತಿರೋರಿಗೆ. 'ಟ್ಯೂನ್ ಆಗುತ್ತೆ, 0.7 ಆಂಗ್‌ಸ್ಟ್ರಾಮ್, ಬ್ಲಾಕಿಂಗ್ ಫಿಲ್ಟರ್ ಸಮೇತ' ಅಂತ ಒಬ್ಬರು ಮಾರಿದ ಸೆಟ್ ಇದು. (0.7 ಅನ್ನೋದು ಪಟ್ಟಿಯ ಅಗಲ, ಆಂಗ್‌ಸ್ಟ್ರಾಮ್ ಅಂದ್ರೆ ನ್ಯಾನೊಮೀಟರ್‌ನ ಹತ್ತನೇ ಒಂದು ಭಾಗ, ಬ್ಲಾಕಿಂಗ್ ಫಿಲ್ಟರ್ ಅಂದ್ರೆ ಬೇಡದ ಪಟ್ಟಿಗಳನ್ನ ತಡೆಯೋದು.) ಮೂರೂ ಸುಳ್ಳು.

ಕ್ಯಾಮೆರಾದಲ್ಲಿ ಬಂದದ್ದು ಕೆಂಪು ತಟ್ಟೆ. ಸೂರ್ಯಕಲೆ ಇದೆ, ಅಷ್ಟೇ. ಅಂಚಲ್ಲಿ ಜ್ವಾಲೆ ಇಲ್ಲ, ಬಿಂಬದ ಮೇಲೆ ಕಪ್ಪು ಎಳೆ ಇಲ್ಲ. ಎಟಲಾನ್ ವಾಲಿಸೋ ಟಿಲ್ಟ್ ಸ್ಕ್ರೂ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದರೂ ಏನೂ ಬದಲಾಗಲ್ಲ, ಪ್ರತಿಫಲನದ ಕಳ್ಳಬಿಂಬ ಮಾತ್ರ ಅತ್ತಿತ್ತ ಓಡುತ್ತೆ. ಕೇಳಿದ್ದಕ್ಕೆ ಮಾರಿದವರ ಉತ್ತರ: "ಸರ್, ಎಚ್-ಆಲ್ಫಾಗೆ ಕಣ್ಣು ಪಳಗಬೇಕು." ಕ್ಯಾಮೆರಾನೂ ಪಳಗಬೇಕಾ?

ಮಿ.ಮೀ.ಗೆ 2400 ಗೆರೆಯ ಗ್ರೇಟಿಂಗ್ ಇರೋ ಸ್ಪೆಕ್ಟ್ರೋಗ್ರಾಫ್ (ಬೆಳಕನ್ನ ಬಣ್ಣಬಣ್ಣವಾಗಿ ಹರಡಿ ತೋರಿಸೋದು) ಮುಂದೆ ಎಟಲಾನ್ ಇಟ್ಟು ಹಗಲ ಬೆಳಕು ಬಿಟ್ಟಾಗ ಬಂಡವಾಳ ಬಯಲಾಯ್ತು. ಎಟಲಾನ್ ಬಿಡೋ ಪಟ್ಟಿಗಳ ಶಿಖರಗಳ ನಡುವೆ 10.8 ಆಂಗ್‌ಸ್ಟ್ರಾಮ್, ಅಂದ್ರೆ ಗಾಜುಗಳ ಅಂತರ 0.2 ಮಿ.ಮೀ., ಅದು ಸರಿ. ಆದರೆ ಎಟಲಾನ್ ನೆಟ್ಟಗಿದ್ದಾಗಲೇ ಶಿಖರ ಎಚ್-ಆಲ್ಫಾದ 6562.8ರ ಗೆರೆಯಿಂದ 1.2 ಆಂಗ್‌ಸ್ಟ್ರಾಮ್ ನೀಲಿ ಕಡೆಗಿದೆ! ವಾಲಿಸಿದರೆ ಶಿಖರ ಹೋಗೋದೂ ನೀಲಿ ಕಡೆಗೇ, 1 ಡಿಗ್ರಿಗೆ ಸುಮಾರು 1 ಆಂಗ್‌ಸ್ಟ್ರಾಮ್. ತಿರುಗಿಸಿದಷ್ಟೂ ದೂರ. ಸರಿಯಾದದ್ದು ನೆಟ್ಟಗಿದ್ದಾಗ ಗೆರೆಯ ಕೆಂಪು ಪಕ್ಕದಲ್ಲಿರಬೇಕು, ಆಗ ಮಾತ್ರ ವಾಲಿಸಿ ಗೆರೆ ಮೇಲೆ ಕೂರಿಸಬಹುದು. ಶಿಖರದ ಅಗಲ ಕೂಡ 0.7 ಅಲ್ಲ, 1.1. ಗಾಜುಗಳ ಅಂತರ ಹಿಡಿಯೋ ಸ್ಪೇಸರ್ ಒಂದು ಕಡೆ ಬಿಟ್ಟುಕೊಂಡಿದೆ. ಟಾರ್ಚ್ ಓರೆಯಾಗಿ ಹಿಡಿದರೆ ಆ ಜಾಗದಲ್ಲಿ ಬಣ್ಣದ ಉಂಗುರ ಕಾಣುತ್ತೆ.

ಇದಕ್ಕೆ ಬಂದ ಉತ್ತರ: "ಬೆಂಗಳೂರು ಎತ್ತರದಲ್ಲಿದೆಯಲ್ಲ ಸರ್, ಗಾಳಿಯ ಒತ್ತಡ ಕಮ್ಮಿ." ನಿಜ, ಕಮ್ಮಿ. 900 ಮೀಟರ್ ಮೇಲೆ ಒತ್ತಡ ಹತ್ತನೇ ಒಂದು ಭಾಗ ಇಳಿಯುತ್ತೆ, ಶಿಖರ ಜರುಗೋದು 0.18 ಆಂಗ್‌ಸ್ಟ್ರಾಮ್. ಉಳಿದ 1 ಆಂಗ್‌ಸ್ಟ್ರಾಮ್ ಯಾವ ಬೆಟ್ಟದ ಮೇಲಿತ್ತು?

ಬ್ಲಾಕಿಂಗ್ ಫಿಲ್ಟರ್ ಅಂತ ಕೊಟ್ಟದ್ದು ರಾತ್ರಿ ನೆಬ್ಯುಲಾ ತೆಗೆಯೋ 7 ನ್ಯಾನೊಮೀಟರ್ ಫಿಲ್ಟರ್, ಉಂಗುರದ ಮೇಲಿನ ಅಕ್ಷರ ಕೆರೆದು. 70 ಆಂಗ್‌ಸ್ಟ್ರಾಮ್ ಕಿಂಡಿಯಲ್ಲಿ ಆರೇಳು ಶಿಖರ ಒಟ್ಟಿಗೆ ನುಗ್ಗುತ್ತವೆ, ಎಟಲಾನ್ ಚೆನ್ನಾಗಿದ್ದರೂ ಚಿತ್ರ ತೊಳೆದುಹೋಗುತ್ತೆ. ಇಂಥದ್ದಕ್ಕೆ ಕಣ್ಣಂತೂ ಇಡಲೇಬೇಡಿ, ಇನ್‌ಫ್ರಾರೆಡ್ ತಡೆಯುತ್ತೆ ಅನ್ನೋ ಖಾತ್ರಿ ಇಲ್ಲ.

ವಾಪಸ್ ತಗೊಳ್ಳಿ ಅಂದ್ರೆ: "ಪ್ರೆಶರ್ ಚೇಂಬರ್ ಕಟ್ಟಿ, ಸರಿ ಹೋಗುತ್ತೆ." 0.7 ಅಟ್ಮಾಸ್ಫಿಯರ್ ಹೆಚ್ಚಿಗೆ ತುಂಬಿದರೆ ಶಿಖರ ಗೆರೆಗೆ ಬರಬಹುದು, ಬಿಟ್ಟುಹೋದ ಸ್ಪೇಸರ್ ಅಂಟುತ್ತಾ? "ಟೆಸ್ಟ್ ಮಾಡಿ ಕೊಟ್ಟಿದ್ದು, ರಿಟರ್ನ್ ಇಲ್ಲ." ಯಾವ ಟೆಸ್ಟ್ ಅಂದಿದ್ದಕ್ಕೆ ನಂಬರ್ ಬ್ಲಾಕ್. ಆ ಮನುಷ್ಯನ ಹತ್ರ ಕೆಲಸ ಮಾಡೋ ಬ್ಲಾಕಿಂಗ್ ಅದೊಂದೇ.

ಟಿಲ್ಟ್ ಸೊನ್ನೆಯಲ್ಲಿಟ್ಟು, ಸೂರ್ಯನ ಗೆರೆ ಮತ್ತು ಶಿಖರ ಒಂದೇ ಫ್ರೇಮಲ್ಲಿ ಇರೋ ಸ್ಪೆಕ್ಟ್ರಮ್ ಫೋಟೊ ಕೇಳಿ. ಬ್ಲಾಕಿಂಗ್ ಫಿಲ್ಟರ್ ಅಗಲ 10 ಆಂಗ್‌ಸ್ಟ್ರಾಮ್ ಒಳಗಿದೆಯಾ ಅಂತ ಬರಹದಲ್ಲಿ ತಗೊಳ್ಳಿ. 'ಸುಮ್ನೆ ನಂಬಿ ಸರ್' ಅಂದ್ರೆ ಫೋನ್ ಇಡಿ.