ಸರ್ಫ್‌ಬೋರ್ಡಿನ ನಂಬರ್ ಲಾಕ್: ಕಳ್ಳನಿಗಿಂತ ಉಪ್ಪಿನದೇ ಕಾಟ

ಹಾಸನದಿಂದ ಮೂಲ್ಕಿಯ ಕಡಲಿಗೆ ಸರ್ಫ್‌ಬೋರ್ಡ್ (ಅಲೆಯ ಮೇಲೆ ಜಾರುವ ಹಲಗೆ) ಹೇರಿಕೊಂಡು ಹೋಗುವವರಿಗೆ ಬೀಗ ಬೇಕಾಗುವುದು ದಾರಿಯಲ್ಲಿ. ಸಕಲೇಶಪುರದಲ್ಲಿ ತಿಂಡಿಗೆ ಇಳಿದರೆ, ಕಾರಿನ ಮೇಲಿನ ಬೋರ್ಡನ್ನು ಹಿಡಿದಿರುವುದು ಬರೀ ಬಟ್ಟೆಪಟ್ಟಿ. ಬಿಚ್ಚಲು ಒಂದು ಬ್ಲೇಡ್ ಸಾಕು.

ಈ ಲಾಕ್‌ನ ಕೆಲಸ ಸರಳ. ಲೀಶ್ ಪ್ಲಗ್‌ನ, ಅಂದರೆ ಕಾಲಿಗೆ ಕಟ್ಟುವ ಹಗ್ಗವನ್ನು ಬೋರ್ಡಿಗೆ ಸಿಕ್ಕಿಸುವ ಜಾಗದ, ಗುಳಿಯಲ್ಲಿರುವ ಅಡ್ಡಕಂಬಿಯ ಕೆಳಗೆ ತೆಳು ಕೊಂಡಿ ತೂರಿಸಿ, ಉಕ್ಕಿನ ಕೇಬಲನ್ನು ರೂಫ್ ರ‍್ಯಾಕಿಗೆ ಸುತ್ತಿ, ನಂಬರ್ ಕದಲಿಸಿದರೆ ಮುಗಿಯಿತು. ಮಾಮೂಲಿ ಬೀಗದ ದಪ್ಪ ಕೊಂಡಿ ಆ ಗುಳಿಗೆ ಇಳಿಯುವುದಿಲ್ಲ. ಕೇಬಲ್ ಬಿಗಿಯಬೇಡಿ, ನಾಲ್ಕು ಬೆರಳು ಸಡಿಲ ಇರಲಿ. ಶಿರಾಡಿ ಘಾಟಿಯ ಕುಲುಕಾಟದ ಎಳೆತ ಪ್ಲಗ್ ಮೇಲೆ ಬಿದ್ದರೆ ಸುತ್ತಲಿನ ಫೈಬರ್‌ಗ್ಲಾಸ್ ಕೂದಲೆಳೆಯಷ್ಟು ಸೀಳಿ, ಒಳಗಿನ ಫೋಮ್‌ಗೆ ನೀರಿಳಿಯುತ್ತದೆ. ಬೋರ್ಡಿನ ಭಾರ ಹೊರಬೇಕಾದದ್ದು ಪಟ್ಟಿಗಳೇ.

ಕೀ ಕಾಯುವ ತಲೆನೋವಿಲ್ಲ, ಹೊಸದರಲ್ಲಿ ಖುಷಿಯೋ ಖುಷಿ. ಉಪ್ಪು ಹತ್ತಿದ ಮೇಲೆ ರಗಳೆ ಶುರು. ನಂಬರ್ ಚಕ್ರಗಳ ಸಂದಿಯಲ್ಲಿ ಉಪ್ಪುನೀರು ಒಣಗಿ ಹರಳುಗಟ್ಟುತ್ತದೆ, ಜೊತೆಗೆ ಮರಳು. ಆಮೇಲೆ 4 ಮತ್ತು 5ರ ನಡುವೆ ಸಿಕ್ಕಿಕೊಂಡ ಚಕ್ರ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಹಾಗಾಗಿ ಮನೆಗೆ ಬಂದ ಕೂಡಲೇ ಉಗುರುಬೆಚ್ಚಗಿನ ಸಿಹಿನೀರಿನ ಮಗ್ಗಿನಲ್ಲಿ ಲಾಕ್ ಮುಳುಗಿಸಿ, ಒಂದೊಂದೇ ಚಕ್ರವನ್ನು 0ಯಿಂದ 9ರವರೆಗೆ ತಿರುಗಿಸಿ. ನೀರಿಗೆ ಮರಳು ಬಿಡುವುದು ಕಣ್ಣಿಗೇ ಕಾಣುತ್ತದೆ. ಕೊಡವಿ, ಕೊಂಡಿ ತೆರೆದಿಟ್ಟು ಒಣಗಿಸಿ, ಪ್ರತಿ ಸಂದಿಗೂ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ. ಹಾಸನದ ಡಿಸೆಂಬರ್ ಚಳಿಗೆ ಬಾಟಲಿಯಲ್ಲೇ ಹೆಪ್ಪುಗಟ್ಟುವ ಎಣ್ಣೆ ಚಕ್ರದೊಳಗೆ ಸುಮ್ಮನಿರುತ್ತದೆಯೇ?

ಕೇಬಲ್‌ನ ಪ್ಲಾಸ್ಟಿಕ್ ಹೊದಿಕೆಯನ್ನೂ ಆಗಾಗ ಸವರಿ ನೋಡಿ. ಒಂದು ಕಡೆ ಸೀಳಿದರೆ ಉಪ್ಪುನೀರು ಒಳಗೇ ಉಳಿದು ತುಕ್ಕು ಹಬ್ಬಿಸುತ್ತದೆ. ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ, ಬಾಗಿಸಿದಾಗ ಕರಕರ ಎನ್ನುತ್ತದೆ. ಹಾಗಾದರೆ ಬದಲಿಸಿ. ಮಳೆಗಾಲವಿಡೀ ಡಿಕ್ಕಿಯಲ್ಲಿ ಬಿಟ್ಟ ಲಾಕ್‌ನ ಗತಿಯೂ ಇದೇ.

ಕಟರ್ ಹಿಡಿದು ಬಂದವನನ್ನು ಇದು ತಡೆಯದು, ಕೈಬೀಸಿಕೊಂಡು ಬಂದವನನ್ನು ತಡೆಯುತ್ತದೆ. ಕಲಿಯುವವರ ಸಾಫ್ಟ್‌ಟಾಪ್ (ಮೇಲ್ಮೈ ಮೆತ್ತಗಿರುವ) ಬೋರ್ಡಿಗೆ ಕೊಳ್ಳುವ ಮುನ್ನ ಮಾತ್ರ ಬೋರ್ಡ್ ಮಗುಚಿ ನೋಡಿ. ಹಲವು ಬೋರ್ಡ್‌ಗಳಲ್ಲಿ ಪ್ಲಗ್ ಆರಪಾರ ಇದ್ದು, ಅಡಿಯಿಂದ ಸ್ಕ್ರೂಡ್ರೈವರ್‌ನಲ್ಲಿ ಬಿಚ್ಚಿಕೊಳ್ಳುತ್ತದೆ. ಅಂಥದ್ದಕ್ಕೆ ಈ ಲಾಕ್ ದುಡ್ಡು ದಂಡ.