ದೋಣಿಮನೆಯ ಪೈಲಟ್ ಗೀಸರ್: ವರ್ಷಗಟ್ಟಲೆ ಬಳಸಿದ ಮೇಲೆ

ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್ ಅನ್ನುವ ಉದ್ದನೆಯ ದೋಣಿಗಳಿವೆ. ಅಗಲ ಏಳು ಅಡಿಗಿಂತ ತುಸು ಕಡಿಮೆ. ಅಡುಗೆಮನೆ, ಬಚ್ಚಲು, ಮಲಗುವ ಜಾಗ ಎಲ್ಲ ಒಂದರ ಹಿಂದೆ ಒಂದು. ನಮ್ಮ ಸಂಸಾರ ಇಂಥದ್ದರಲ್ಲೇ ನಡೆಯುತ್ತಿದೆ, ಹೆಚ್ಚಾಗಿ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ. ಸ್ನಾನಕ್ಕೂ ಪಾತ್ರೆ ತೊಳೆಯುವುದಕ್ಕೂ ಬಿಸಿನೀರು ಕೊಡುವುದು ಗೋಡೆಗೆ ಕೂರಿಸಿದ ಒಂದು ಗ್ಯಾಸ್ ಗೀಸರ್. ದೋಣಿ ಕೊಂಡಾಗಲೇ ಇತ್ತು, ಈಗಲೂ ಅದೇ ಇದೆ.

ಬೆಂಗಳೂರಿನ ಮನೆಗಳಲ್ಲಿರುವ ಗ್ಯಾಸ್ ಗೀಸರುಗಳು ನಲ್ಲಿ ತಿರುಗಿಸಿದ ಕೂಡಲೇ ಬ್ಯಾಟರಿಯ ಕಿಡಿಯಿಂದ ಹತ್ತಿಕೊಳ್ಳುತ್ತವೆ. ನಮ್ಮದು ಹಳೇ ಮಾದರಿ. ಒಳಗೆ ಒಂದು ಪುಟ್ಟ ಉರಿ ಸದಾ ಉರಿಯುತ್ತಿರುತ್ತದೆ, ಅದೇ ಪೈಲಟ್. ನೀರು ಹರಿದಾಗ ಅದರ ಒತ್ತಡಕ್ಕೆ ಒಳಗಿನ ರಬ್ಬರ್ ಪೊರೆ ಉಬ್ಬಿ ಗ್ಯಾಸ್ ಬಿಡುತ್ತದೆ, ಪೈಲಟ್ ದೊಡ್ಡ ಬರ್ನರನ್ನು ಹೊತ್ತಿಸುತ್ತದೆ. ಕರೆಂಟೂ ಬೇಡ, ಸರ್ಕ್ಯೂಟ್ ಬೋರ್ಡೂ ಇಲ್ಲ. ದೋಣಿಯ 12 ವೋಲ್ಟ್ ಪಂಪು ನೀರು ತಳ್ಳಿದರೆ ಸಾಕು. ಇಷ್ಟು ಸರಳ ಯಂತ್ರ ನನಗೆ ತುಂಬಾ ಇಷ್ಟ.

ಎರಡನೇ ಚಳಿಗಾಲದಲ್ಲಿ ಪೈಲಟ್ ಕಾಟ ಕೊಡಲು ಶುರುಮಾಡಿತು. ಗುಂಡಿ ಒತ್ತಿ ಹಿಡಿದರೆ ಹತ್ತುತ್ತದೆ, ಕೈ ಬಿಟ್ಟರೆ ಆರುತ್ತದೆ. ಕೆಲವು ದಿನ ಗಂಟೆಗಟ್ಟಲೆ ನಿಲ್ಲುತ್ತದೆ, ಕೆಲವು ದಿನ ನಿಲ್ಲುವುದೇ ಇಲ್ಲ. ಇಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ಥರ್ಮೋಕಪಲ್ ಹೋಗಿದೆ, ಹೊಸದು ಹಾಕಿಸಿ.

ಪೈಲಟ್ ಉರಿಯ ಪಕ್ಕದಲ್ಲಿ ಬೆರಳುದ್ದದ ಒಂದು ಲೋಹದ ಕಡ್ಡಿ ನಿಂತಿರುತ್ತದೆ, ಅದೇ ಥರ್ಮೋಕಪಲ್. ತುದಿ ಕಾದರೆ ಅದರಲ್ಲಿ 20–30 ಮಿಲಿವೋಲ್ಟ್ ಹುಟ್ಟುತ್ತದೆ. ಆ ಚೂರು ಕರೆಂಟೇ ಒಂದು ಮ್ಯಾಗ್ನೆಟ್ಟನ್ನು ಹಿಡಿದಿಟ್ಟು ಗ್ಯಾಸಿನ ದಾರಿ ತೆರೆದಿಡುತ್ತದೆ. ಉರಿ ಆರಿದರೆ ಕಡ್ಡಿ ತಣ್ಣಗಾಗುತ್ತದೆ, ಮ್ಯಾಗ್ನೆಟ್ ಬಿಡುತ್ತದೆ, ಗ್ಯಾಸ್ ಬಂದ್. ಮೊದಲು ಗುಂಡಿಯನ್ನು ಅರ್ಧ ನಿಮಿಷದಷ್ಟು ಒತ್ತಿ ಹಿಡಿಯಬೇಕಾದ್ದು ಈ ಕಡ್ಡಿ ಕಾಯಲಿ ಅಂತಲೇ.

ಮೊದಲು ಬಂದ ರಿಪೇರಿಯವರು ಮುಚ್ಚಳ ತೆಗೆದು, ಥರ್ಮೋಕಪಲ್ ಬದಲಿಸಿ, ದುಡ್ಡು ತೆಗೆದುಕೊಂಡು ಹೋದರು. ವಾರ ಕಳೆಯುವುದರೊಳಗೆ ಅದೇ ಕಥೆ. ನನಗೆ ಸಿಟ್ಟು ಬಂದದ್ದು ಖರ್ಚಿಗಲ್ಲ. ಅವರು ಉರಿಯನ್ನು ಒಂದು ಸಲವೂ ಸರಿಯಾಗಿ ನೋಡಲಿಲ್ಲ.

ಎರಡನೆಯವರು ಗ್ಯಾಸ್ ಸೇಫ್ ನೋಂದಣಿ (ಗ್ಯಾಸ್ ಕೆಲಸದವರಿಗೆ ಇಲ್ಲಿರುವ ಅಧಿಕೃತ ಪಟ್ಟಿ) ಇದ್ದವರು, ಅದರಲ್ಲೂ ದೋಣಿಗಳ ಎಲ್‌ಪಿಜಿ ಕೆಲಸಕ್ಕೆ ಅರ್ಹತೆ ಪಡೆದವರು. ಟೂಲ್ ಬಾಕ್ಸ್ ತೆಗೆಯುವ ಮೊದಲೇ ಪೈಲಟ್ ಹೊತ್ತಿಸಿ, ಲೈಟ್ ಆರಿಸಿ, ಬಗ್ಗಿ ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಉರಿ ನೀಲಿಯಾಗಿ ಚೂಪಾಗಿ ಕಡ್ಡಿಯ ತುದಿಯನ್ನು ಅಪ್ಪಿಕೊಂಡಿರಬೇಕಿತ್ತು. ನಮ್ಮದು ಹಳದಿ ಬಣ್ಣಕ್ಕೆ ತಿರುಗಿ, ಮೆತ್ತಗೆ ಓಲಾಡುತ್ತಾ ಕಡ್ಡಿಯ ಬುಡವನ್ನು ನೆಕ್ಕುತ್ತಿತ್ತು. ತುದಿಗೆ ಬಿಸಿಯೇ ತಾಗದಿದ್ದರೆ ಹೊಸ ಥರ್ಮೋಕಪಲ್ ತಾನೇ ಏನು ಮಾಡೀತು ಹೇಳಿ.

ಹಳದಿ ಉರಿ ಅಂದರೆ ಗಾಳಿ ಸಾಲುತ್ತಿಲ್ಲ ಅಂತ. ಗ್ಯಾಸ್ ಬಂದ್ ಮಾಡಿ ಪೈಲಟ್ ಬಿಚ್ಚಿದಾಗ ಗಾಳಿ ಎಳೆದುಕೊಳ್ಳುವ ಕಿಂಡಿಯಲ್ಲಿ ಬೂದು ಬಣ್ಣದ ಧೂಳು, ಬಟ್ಟೆಯ ನವಿರು, ಜೊತೆಗೆ ಜೇಡರ ಬಲೆಯ ಎಳೆಗಳು ಸಿಕ್ಕವು. ಸೌದೆ ಒಲೆ ಉರಿಯುವ ಇಕ್ಕಟ್ಟಾದ ದೋಣಿಯಲ್ಲಿ ಇದು ಆಗದಿದ್ದರೇ ಆಶ್ಚರ್ಯ. ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಗಾಳಿ ಊದಿ ಕ್ಲೀನ್ ಮಾಡಿದರು. ಗ್ಯಾಸ್ ಹೊರಬರುವ ಪುಟ್ಟ ತೂತಿಗೆ, ಅಂದರೆ ಜೆಟ್ಟಿಗೆ, ಸೂಜಿ ತೂರಿಸಲಿಲ್ಲ. ಆ ತೂತು ಒಂದು ಚೂರು ಅಗಲವಾದರೂ ಗ್ಯಾಸಿನ ಲೆಕ್ಕ ತಪ್ಪುತ್ತದೆ. ಥರ್ಮೋಕಪಲ್ಲಿನ ನಟ್ಟನ್ನು ಕೈಯಲ್ಲಿ ತಿರುಗಿಸಿ, ಸ್ಪ್ಯಾನರಿನಲ್ಲಿ ಕಾಲು ಸುತ್ತು ಮಾತ್ರ ಬಿಗಿ ಮಾಡಿದರು. ಜಾಸ್ತಿ ಬಿಗಿದರೆ ಅದು ಹಾಳಾಗುತ್ತದೆ. ಕೊನೆಗೆ ಗ್ಯಾಸಿನ ಒತ್ತಡ ಅಳೆದರು, ನಮ್ಮ ಸಿಲಿಂಡರಿನಲ್ಲಿರುವ ಪ್ರೊಪೇನ್ ಗ್ಯಾಸಿಗೆ 37 ಮಿಲಿಬಾರ್ ಇರಬೇಕು. ಸೋರಿಕೆಯನ್ನೂ ಪರೀಕ್ಷಿಸಿದರು. ಆಮೇಲೆ ಹೊತ್ತಿಸಿದ ಉರಿ ನೇರವಾಗಿ ನಿಂತಿತು. ಅವತ್ತಿನಿಂದ ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸುತ್ತೇವೆ, ತೊಂದರೆ ಮರುಕಳಿಸಿಲ್ಲ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಪೈಲಟ್ ಪದೇಪದೇ ಆರುತ್ತಿದ್ದರೆ ಸುಮ್ನೆ ಹೊತ್ತಿಸುತ್ತಾ ಕೂರಬೇಡಿ. ಕೆಲವು ಗೀಸರುಗಳಲ್ಲಿ ಪೈಲಟ್ ಬೇಕಂತಲೇ ಸೂಕ್ಷ್ಮವಾಗಿರುತ್ತದೆ. ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾದರೆ ಉರಿ ಕಡ್ಡಿಯಿಂದ ದೂರ ಸರಿದು ಗ್ಯಾಸ್ ನಿಲ್ಲಿಸುತ್ತದೆ. ಅಂಥ ಕಡೆ ಆರಿದ್ದೇ ಎಚ್ಚರಿಕೆ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ಪ್ರಾಣ ಕಳೆದುಕೊಂಡ ಸುದ್ದಿ ನಮ್ಮೂರಿನ ಪೇಪರುಗಳಲ್ಲಿ ಆಗಾಗ ಬರುತ್ತದಲ್ಲ, ಅದೇ ಕಾರ್ಬನ್ ಮೊನಾಕ್ಸೈಡ್ ಇಲ್ಲೂ ಕೊಲ್ಲುತ್ತದೆ. ಅದಕ್ಕೆ ವಾಸನೆ ಇಲ್ಲ. ಚಳಿ ಅಂತ ಗಾಳಿಕಿಂಡಿಗೆ ಬಟ್ಟೆ ತುರುಕಿದ ದೋಣಿಗಳನ್ನು ನೋಡಿದ್ದೇನೆ, ನೋಡಿದರೆ ಭಯವಾಗುತ್ತದೆ. 2019ರ ಏಪ್ರಿಲಿನಿಂದ ಇಲ್ಲಿ ವಾಸದ ಸೌಕರ್ಯವಿರುವ ದೋಣಿಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ. ದೋಣಿಗಳ ಸುರಕ್ಷತೆ ನೋಡುವ ಬೋಟ್ ಸೇಫ್ಟಿ ಸ್ಕೀಮಿನ ತಪಾಸಣೆ ನಾಲ್ಕು ವರ್ಷಕ್ಕೊಮ್ಮೆ. ಅಲಾರಮ್ಮಿನ ಟೆಸ್ಟ್ ಬಟನ್ ಒತ್ತಿ ನೋಡಲು ಅಷ್ಟು ದಿನ ಕಾಯಬೇಕಿಲ್ಲ.

ಸೋರಿಕೆಯೂ ದೋಣಿಯಲ್ಲಿ ಬೇರೆ ಥರದ ಅಪಾಯ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಮನೆಯಲ್ಲಾದರೆ ಬಾಗಿಲು ತೆಗೆದು ಹೊರಗೆ ಕಳಿಸಬಹುದು. ದೋಣಿಯಲ್ಲಿ ಅದು ತಳಕ್ಕಿಳಿದು ಅಲ್ಲೇ ಕೂರುತ್ತದೆ. ಸಿಲಿಂಡರಿಗೆ ಬೇರೆ ಗೂಡು, ಆ ಗೂಡಿನ ಬುಡದಲ್ಲಿ ಹೊರಗೆ ತೆರೆಯುವ ತೂತು ಇಟ್ಟಿರುವುದು ಇದಕ್ಕೇ. ಡೀಸೆಲ್ ಅಥವಾ ಪೆಟ್ರೋಲ್ ತುಂಬಿಸುವಾಗ ಪೈಲಟ್ ಆರಿಸಿ ಸಿಲಿಂಡರ್ ಬಂದ್ ಮಾಡುತ್ತೇವೆ.

ಇನ್ನು ಕುಂದುಗಳು. ಪೈಲಟ್ ಇಡೀ ದಿನ ಗ್ಯಾಸ್ ತಿನ್ನುತ್ತದೆ, ಆದ್ದರಿಂದ ರಾತ್ರಿ ಆರಿಸುತ್ತೇವೆ. ಜೋರು ಗಾಳಿಯ ದಿನ ಚಿಮಣಿಯೊಳಗೆ ಗಾಳಿ ನುಗ್ಗಿ ತಾನೇ ಆರುವುದುಂಟು. ಪಂಪಿನ ಒತ್ತಡ ಕಮ್ಮಿಯಾದರೆ ದೊಡ್ಡ ಬರ್ನರ್ ಹತ್ತುವುದಿಲ್ಲ. ಹಿಮ ಬೀಳುವ ಕಾಲದಲ್ಲಿ ದೋಣಿ ಬಿಟ್ಟು ಊರಿಗೆ ಹೋಗುವುದಾದರೆ ಗೀಸರಿನ ನೀರು ಪೂರ್ತಿ ಬಸಿಯಬೇಕು, ಇಲ್ಲದಿದ್ದರೆ ಒಳಗಿನ ತಾಮ್ರದ ಕೊಳವೆ ಒಡೆಯುತ್ತದೆ. ಸಿಲಿಂಡರಿನಲ್ಲಿ ಸಿಗುವ ಇನ್ನೊಂದು ಗ್ಯಾಸ್ ಬ್ಯೂಟೇನ್, ಅದು ಚಳಿಗಾಲಕ್ಕೆ ಬೇಡ. ಸೊನ್ನೆ ಡಿಗ್ರಿಯ ಹತ್ತಿರ ಅದು ಆವಿಯಾಗುವುದೇ ಇಲ್ಲ, ಪ್ರೊಪೇನಿಗೆ ಮೈನಸ್ 42ರವರೆಗೂ ಚಿಂತೆಯಿಲ್ಲ.

ಹೊಸದಾಗಿ ಹಾಕಿಸುವವರಿಗೆ ನಾನು ಈ ಮಾದರಿ ಹೇಳುವುದಿಲ್ಲ. ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನೂ ಹೊರಗೇ ಬಿಡುವ ರೂಮ್ ಸೀಲ್ಡ್ ಗೀಸರ್ ತೆಗೆದುಕೊಳ್ಳಿ, ದುಬಾರಿಯಾದರೂ ಸರಿ. ಹಳೇ ದೋಣಿ ಕೊಳ್ಳುವಾಗ ಇದು ಜೊತೆಗೇ ಬಂದರೆ ಕಿತ್ತೆಸೆಯುವ ಅವಸರ ಬೇಡ. ದೋಣಿ ನೋಡಲು ಹೋದ ದಿನವೇ ಪೈಲಟ್ ಹೊತ್ತಿಸಲು ಹೇಳಿ, ಬಗ್ಗಿ ಉರಿಯ ಬಣ್ಣ ನೋಡಿ, ಕೊನೆಯ ಸರ್ವಿಸಿನ ಕಾಗದ ಕೇಳಿ.